ಪಾಯಿಂಟ್ ಇರುವ ಹಳೆ ಬುಲೆಟ್ 350: ಟೈಮಿಂಗ್ ಮನೆಯಲ್ಲೇ ನೋಡಬಹುದಾ?

ಕಡಿಯಾಳಿ_ಬುಲೆಟ್:
ಅಪ್ಪ ಓಡಿಸುತ್ತಿದ್ದ ಗಾಡಿ. ಹೊಸ ಪಾಯಿಂಟ್ (ತೆರೆದ ಕ್ಷಣ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಸ್ವಿಚ್) ಹಾಕಿಸಿದ ಮೇಲೆ ಕಿಕ್ ಹೊಡೆದರೆ ತಿರುಗಿ ಕಾಲಿಗೇ ಬಡೀತದೆ ಮಾರಾಯ್ರೆ. ಆಗುಂಬೆ ಘಾಟಿ ಹತ್ತುವಾಗ ಇಂಜಿನಿನಲ್ಲಿ ಟಣಟಣ ಸದ್ದು ಬೇರೆ. ಗ್ಯಾರೇಜಿನವರು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸದ್ದು ಕೇಳಿಯೇ ಸೆಟ್ ಮಾಡಿದ್ದು. ಅದನ್ನು ನೋಡುವ ಟೈಮಿಂಗ್ ಲೈಟ್ ನನ್ನ ಹತ್ತಿರ ಇಲ್ಲ.

ಸುರತ್ಕಲ್_ಸ್ಪಾನರ್:
ಟೈಮಿಂಗ್ ಅಡ್ವಾನ್ಸ್ ಆಗಿದೆ, ಅಂದರೆ ಕಿಡಿ ಬೇಗ ಹಾರ್ತಿದೆ, ಎರಡಕ್ಕೂ ಅದೇ ಕಾರಣ. ಲೈಟ್ ಬೇಡ. ಮೊದಲು ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ಗ್ಯಾಪ್ ನೋಡಿ, 0.35ರಿಂದ 0.40 ಮಿ.ಮೀ. ಇರಬೇಕು. ಇದನ್ನು ಆಮೇಲೆ ಮಾಡುತ್ತೇನೆ ಅನ್ನಬೇಡಿ, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗ್ತದೆ. ಆಮೇಲೆ ಪ್ಲಗ್ ಬಿಚ್ಚಿ, ಮೈನ್ ಸ್ಟ್ಯಾಂಡಿನಲ್ಲಿ ಟಾಪ್ ಗೇರ್ ಹಾಕಿ ಹಿಂದಿನ ಚಕ್ರ ಮುಂದಕ್ಕೆ ತಿರುಗಿಸಿ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಗಾಳಿ ತಳ್ಳುವುದು ಗೊತ್ತಾಗ್ತದೆ, ಅದೇ ಕಂಪ್ರೆಶನ್. ಸೈಕಲ್ ಕಡ್ಡಿ ಇಳಿಸಿ ಪಿಸ್ಟನ್ ತೀರಾ ಮೇಲೆ ಬಂದ ಜಾಗ ಗುರುತು ಮಾಡಿ. ಚಕ್ರವನ್ನು ಚೆನ್ನಾಗಿ ಹಿಂದಕ್ಕೆ ತಂದು, ಮತ್ತೆ ನಿಧಾನ ಮುಂದಕ್ಕೆ ತಂದರೆ ಗೇರಿನ ಆಟ ಹೋಗ್ತದೆ. ಪಿಸ್ಟನ್ ಆ ಗುರುತಿಗೆ ಬರಲು 0.8 ಮಿ.ಮೀ. ಬಾಕಿ ಇರುವಾಗ ಪಾಯಿಂಟ್ ಬಿಡಬೇಕು, ಅಂದರೆ ತೆರೆಯಲು ಶುರುವಾಗಬೇಕು. ಪಾಯಿಂಟಿನ ಮಧ್ಯೆ ಸಿಗರೇಟ್ ಸುತ್ತುವ ತೆಳು ಕಾಗದ ಇಟ್ಟು ಮೆಲ್ಲಗೆ ಎಳೆಯುತ್ತಿರಿ, ಅದು ಜಾರಿದ ಕ್ಷಣವೇ ಲೆಕ್ಕ. ಬೇರೆ ಕಡೆ ಜಾರಿದರೆ ಪಾಯಿಂಟ್ ಪ್ಲೇಟಿನ ಸ್ಕ್ರೂ ಸಡಿಲಿಸಿ ಪ್ಲೇಟನ್ನೇ ಚೂರು ತಿರುಗಿಸಿ. ಪ್ಲಗ್ ತೂತು ಓರೆ ಇರುವುದರಿಂದ ಕಡ್ಡಿಯ ಅಳತೆ ಪಕ್ಕಾ ಅಲ್ಲ, ಓಡಿಸಿ ನೋಡಿ ಕೂದಲೆಳೆಯಷ್ಟು ಆಚೀಚೆ ಮಾಡಬೇಕಾಗ್ತದೆ.

ಕಾರ್ಕಳ_ಹಳೆಗಾಡಿ:
ಕಾಗದದ ಗೋಜು ಯಾಕೆ ಅಣ್ಣ, ಹೆಡ್‌ಲೈಟ್ ಮೇಲೆ ಆಂಪಿಯರ್ ಮೀಟರ್ ಉಂಟಲ್ವಾ. ಲೈಟ್ ಆಫ್, ಇಗ್ನಿಶನ್ ಆನ್. ಪಾಯಿಂಟ್ ಕೂಡಿದ್ದರೆ ಮುಳ್ಳು ಮೈನಸ್ಸಿಗೆ ಇಳೀತದೆ, ಬಿಟ್ಟ ಕೂಡಲೇ ಸೊನ್ನೆಗೆ ಹಾರ್ತದೆ. ಆದರೆ ಆ 0.8 ಅಡ್ವಾನ್ಸ್ ವೇಟ್ (ಇಂಜಿನ್ ವೇಗ ಏರಿದಂತೆ ತೆರೆದು ಕಿಡಿಯನ್ನು ಬೇಗ ಮಾಡುವ ತೂಕದ ತುಂಡು) ಪೂರ್ತಿ ಮುಚ್ಚಿಕೊಂಡಿರುವಾಗಿನದ್ದು. ಮೊದಲು ಪಾಯಿಂಟ್ ಪ್ಲೇಟ್ ತೆಗೆದು ವೇಟ್ ಸಲೀಸಾಗಿ ಆಡ್ತದಾ ನೋಡಿ. ನಮ್ಮ ಮಳೆಗೆ ಅಲ್ಲಿ ತುಕ್ಕು ಹಿಡಿಯದಿದ್ದರೇ ಆಶ್ಚರ್ಯ.

ಕಡಿಯಾಳಿ_ಬುಲೆಟ್:
ಹೌದು ಮಾರಾಯ್ರೆ, ವೇಟ್ ಅರ್ಧ ತೆರೆದು ಅಲ್ಲೇ ಕಚ್ಚಿಕೊಂಡಿತ್ತು! ಒಂದು ಸ್ಪ್ರಿಂಗೂ ಸಡಿಲ. ಸೀಮೆಎಣ್ಣೆಯಲ್ಲಿ ತೊಳೆದು, ಎರಡೂ ಸ್ಪ್ರಿಂಗ್ ಹೊಸತು ಹಾಕಿ 0.8ಕ್ಕೆ ಇಟ್ಟೆ. ಕಿಕ್ ಈಗ ಬಡಿಯುವುದಿಲ್ಲ. ಘಾಟಿ ಹತ್ತಿ ನೋಡಬೇಕಷ್ಟೆ.

ಸುರತ್ಕಲ್_ಸ್ಪಾನರ್:
ಒಳ್ಳೆದಾಯ್ತು. ಪಾಯಿಂಟ್ ಉಜ್ಜುವ ಕ್ಯಾಮಿಗೆ ಚೂರೇ ಚೂರು ಗ್ರೀಸ್ ಸವರಿ, ಪಾಯಿಂಟಿಗೆ ತಾಗದ ಹಾಗೆ. ಇಲ್ಲದಿದ್ದರೆ ಹೊಸ ಪಾಯಿಂಟಿನ ಹಿಮ್ಮಡಿ (ಕ್ಯಾಮಿಗೆ ತಾಗುವ ಭಾಗ) ಬೇಗ ಸವೆದು ಗ್ಯಾಪ್ ಕಮ್ಮಿ ಆಗ್ತದೆ, ಆಗ ಟೈಮಿಂಗ್ ರಿಟಾರ್ಡ್ ಆಗಿ, ಅಂದರೆ ಕಿಡಿ ತಡವಾಗಿ, ಗಾಡಿ ಎಳೆಯುವುದಿಲ್ಲ, ಬಿಸಿಯೂ ಜಾಸ್ತಿ. ಸ್ವಲ್ಪ ಓಡಿಸಿದ ಮೇಲೆ ಗ್ಯಾಪ್ ಇನ್ನೊಮ್ಮೆ ನೋಡಿ.