ಹೊರದೇಶದ ಸರ್ಕಾರದ ದುಡ್ಡು ಕಂಪನಿಗೆ ಬಂದರೆ ಡೇಟಾ ಗತಿ ಏನು?

ಪ್ರಶ್ನೆ: ನಾನಿರುವ ಆ್ಯಪ್ ಕಂಪನಿಗೆ ಬೇರೆ ದೇಶದ ಸರ್ಕಾರಿ ಫಂಡ್ ಒಂದು ಬಂಡವಾಳ ಹಾಕುತ್ತಿದೆ. ಪಾಲು ಬರೀ 5%. ಬಳಕೆದಾರರ ಡೇಟಾ ಅವರ ಕೈಗೆ ಹೋಗುತ್ತಾ? ಕೇಳಿದರೆ ‘ಸಣ್ಣ ಪಾಲು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ’ ಅಂತಾರೆ.

ಉತ್ತರ (ಹೂಡಿಕೆ ಒಪ್ಪಂದಗಳ ವಕೀಲರು): ನೀವು ಕೇಳಿದ್ದು ಒಳ್ಳೆಯದಾಯಿತು. ಷೇರು ಕೊಂಡ ಮಾತ್ರಕ್ಕೆ ಡೇಟಾ ನೋಡುವ ಹಕ್ಕು ಬರುವುದಿಲ್ಲ. ಆದರೆ ಪರ್ಸೆಂಟ್ ನೋಡಿ ನೆಮ್ಮದಿಯಾಗಿರುವುದೂ ತಪ್ಪು. 2016ರಲ್ಲಿ ಸೌದಿ ಸರ್ಕಾರದ ಪಿಐಎಫ್ ಫಂಡ್ ಉಬರ್‌ಗೆ 350 ಕೋಟಿ ಡಾಲರ್ ಹಾಕಿತು. ಸಿಕ್ಕ ಪಾಲು 5%ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಫಂಡಿನ ಮುಖ್ಯಸ್ಥ ಯಾಸಿರ್ ಅಲ್ ರುಮಯ್ಯಾನ್ ಉಬರ್‌ನ ಬೋರ್ಡಿಗೇ, ಅಂದರೆ ಕಂಪನಿ ನಡೆಸುವ ನಿರ್ದೇಶಕರ ಮಂಡಳಿಗೇ ಬಂದರು.

ಹಾಗಾಗಿ ಪಾಲಿಗಿಂತ ಮೊದಲು ಒಪ್ಪಂದದ ‘ಇನ್ಫರ್ಮೇಶನ್ ರೈಟ್ಸ್’ ಭಾಗ, ಅಂದರೆ ಹೂಡಿಕೆದಾರರಿಗೆ ಕಂಪನಿ ಯಾವ ಮಾಹಿತಿ ಕೊಡಬೇಕು ಎಂಬ ಭಾಗ ನೋಡಿಸಿ. ಮೂರು ತಿಂಗಳಿಗೊಮ್ಮೆ ಲೆಕ್ಕ, ವರ್ಷದ ಬಜೆಟ್, ಇವೆಲ್ಲ ಮಾಮೂಲಿ. ಕೊನೆಯಲ್ಲಿ ಒಂದು ಸಾಲು ಇರುತ್ತದೆ: ‘ಹೂಡಿಕೆದಾರರು ಸಮಂಜಸವಾಗಿ ಕೇಳುವ ಇತರ ಮಾಹಿತಿ’. ನನಗೆ ಭಯ ಇರುವುದು ಈ ಸಾಲಿನ ಬಗ್ಗೆಯೇ. ‘ಇತರ’ ಅಂದರೆ ಏನು ಬೇಕಾದರೂ ಆಗಬಹುದು, ಅಲ್ವಾ? ಬಳಕೆದಾರರ ವೈಯಕ್ತಿಕ ಮಾಹಿತಿ, ಸೋರ್ಸ್ ಕೋಡ್ ಇದರಲ್ಲಿ ಸೇರಿಲ್ಲ ಎಂದು ಅಲ್ಲೇ ಬರೆಸಬೇಕು. ಸಹಿ ಬಿದ್ದ ಮೇಲೆ ಯಾರೂ ಅದನ್ನು ತಿದ್ದಲು ಒಪ್ಪುವುದಿಲ್ಲ.

ಪ್ರಶ್ನೆ: ದುಡ್ಡು ನೇರವಾಗಿ ಬರುತ್ತಿಲ್ಲ, ಹಲವರ ದುಡ್ಡು ಸೇರಿಸಿ ಹೊಸ ಕಂಪನಿಗಳಿಗೆ ಹಾಕುವ ಒಂದು ವೆಂಚರ್ ಫಂಡ್ ಮೂಲಕವಂತೆ. ಹಾಗಿದ್ದರೆ ಚಿಂತೆ ಇಲ್ಲ ತಾನೆ?

ಉತ್ತರ: ಸ್ವಲ್ಪ ಕಮ್ಮಿ. ಫಂಡಿಗೆ ದುಡ್ಡು ಕೊಟ್ಟವರು ಸಾಮಾನ್ಯವಾಗಿ ನಿಮ್ಮ ಕಂಪನಿಯ ಬಾಗಿಲಿಗೆ ಬರುವುದಿಲ್ಲ. ಇಲ್ಲಿನ ತೊಂದರೆ ಬೇರೆ: ದುಡ್ಡಿನ ಮೂಲವೇ ಕಾಣುವುದಿಲ್ಲ. 2011ರಲ್ಲಿ ಡಿಎಸ್‌ಟಿ ಗ್ಲೋಬಲ್ ಎಂಬ ಹೂಡಿಕೆ ಸಂಸ್ಥೆ ಟ್ವಿಟರ್‌ನಲ್ಲಿ ಪಾಲು ಕೊಂಡಿತು. ಅದರ ಹಿಂದೆ ರಷ್ಯಾ ಸರ್ಕಾರದ ಹಿಡಿತದಲ್ಲಿರುವ ವಿಟಿಬಿ ಬ್ಯಾಂಕಿನ 19.1 ಕೋಟಿ ಡಾಲರ್ ಇತ್ತು ಎಂದು ಜನರಿಗೆ ಗೊತ್ತಾಗಿದ್ದು 2017ರಲ್ಲಿ, ಪ್ಯಾರಡೈಸ್ ಪೇಪರ್ಸ್ ಎಂಬ ಸೋರಿಕೆಯಾದ ಗುಟ್ಟಿನ ಹಣಕಾಸು ದಾಖಲೆಗಳು ಹೊರಬಂದಾಗ. ಫಂಡಿನ ಹಿಂದೆ ಯಾರಿದ್ದಾರೆ ಎಂದು ಬರಹದಲ್ಲೇ ಕೇಳಿ.

ಪ್ರಶ್ನೆ: ಬೋರ್ಡ್ ಸೀಟ್ ಕೇಳಿಲ್ಲ. ಮತ ಹಾಕದ ‘ಅಬ್ಸರ್ವರ್’ ಒಬ್ಬರು ಕೂರುತ್ತಾರಂತೆ.

ಉತ್ತರ: ಮತ ಇಲ್ಲದಿದ್ದರೂ ಕಿವಿ ಇರುತ್ತದೆ. ಬೋರ್ಡಿಗೆ ಬರುವ ಕಾಗದಪತ್ರವೆಲ್ಲ ಸಾಮಾನ್ಯವಾಗಿ ಅವರ ಕೈಗೂ ಬರುತ್ತದೆ. ಅಮೆರಿಕ 2018ರಲ್ಲಿ ತನ್ನ ವಿದೇಶಿ ಹೂಡಿಕೆ ಕಾನೂನು ಬಿಗಿ ಮಾಡಿದಾಗ, ಸೂಕ್ಷ್ಮ ಡೇಟಾ ಇರುವ ಕಂಪನಿಗಳಲ್ಲಿ ಅಬ್ಸರ್ವರ್ ಕುರ್ಚಿಯನ್ನೂ ತಪಾಸಣೆಯೊಳಗೆ ತಂದಿದ್ದು ಇದಕ್ಕೇ. ಡೇಟಾ, ಭದ್ರತೆ ವಿಷಯ ಬಂದಾಗ ಅವರು ಸಭೆಯಿಂದ ಎದ್ದು ಹೊರಗೆ ಹೋಗಬೇಕು, ಆ ಕಡತಗಳು ಅವರಿಗೆ ಹೋಗಬಾರದು. ಇದನ್ನೂ ಸಹಿಗೆ ಮೊದಲೇ ಬರೆಸಿ.