ಓಡುತ್ತಿದ್ದ ಗರಗಸಕ್ಕೆ ‘ರಿಪೇರಿ’ ಅನ್ನಬಹುದೇ?

ಒಂದು ಪದ ಬೇಕಾಗಿದೆ. ಯಾಕೆ ಬೇಕು ಅನ್ನುವುದಕ್ಕೆ ಒಂದು ಫೋನ್ ಮಾತುಕತೆ ಹೇಳಿಬಿಡುತ್ತೇನೆ.

ನಾನು ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಊರು ಸಕಲೇಶಪುರದ ಕಡೆ. ಎರಡು ವರ್ಷದ ಹಿಂದೆ ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಚೈನ್ ಸಾ, ಅಂದರೆ ಪೆಟ್ರೋಲಿನಲ್ಲಿ ಓಡುವ ಮರ ಕುಯ್ಯುವ ಗರಗಸ, ಕೊಂಡೆ. ಸ್ಟಿಲ್ ಕಂಪನಿಯ ‘ಕಾಂಟ್ರಾ’, 1959ರಲ್ಲಿ ಹೊರಬಂದ ಮಾದರಿ. ಬಿಡುವು ಸಿಕ್ಕಾಗಲೆಲ್ಲ ಅದರ ಮುಂದೆ ಕೂತು ಆರು ತಿಂಗಳು ಕೆಲಸ ಮಾಡಿದೆ. ಮುಗಿದ ದಿನ ಖುಷಿ ತಡೆಯದೆ ದೊಡ್ಡಪ್ಪನಿಗೆ ಫೋನ್ ಮಾಡಿದೆ.

“ದೊಡ್ಡಪ್ಪ, ಹಳೇ ಚೈನ್ ಸಾ ತಗೊಂಡಿದ್ನಲ್ಲ, ಅದರ ಕೆಲಸ ಮುಗೀತು.”

“ಓ, ರಿಪೇರಿ ಆಯ್ತಾ?”

“ರಿಪೇರಿ ಅಲ್ಲ. ತಂದಾಗಲೇ ಓಡ್ತಿತ್ತು.”

“ಓಡ್ತಿತ್ತಾ? ಮತ್ತೆ ಆರು ತಿಂಗಳು ಏನ್ ಮಾಡ್ದೆ ಮಾರಾಯ?”

ನನಗೆ ಬಾಯಿ ಕಟ್ಟಿಹೋಯಿತು. ಮಾಡಿದ್ದನ್ನೆಲ್ಲ ಹೇಳಬಹುದಿತ್ತು. ಹಿಂದಿನ ಮಾಲೀಕರಲ್ಲಿ ಯಾರೋ ಅದಕ್ಕೆ ಬೇರೆ ಮಾದರಿಯ ಸೈಲೆನ್ಸರ್ ಕೂರಿಸಿದ್ದರು. ಇನ್ಯಾರೋ ಬ್ರಷ್ ಹಿಡಿದು ದಪ್ಪಗೆ ಬಣ್ಣ ಬಳಿದಿದ್ದರು. ಸ್ಕ್ರೂಗಳು ನಾಲ್ಕು ಥರದವು. ನಾನು ಆ ಬಣ್ಣವನ್ನು ನಿಧಾನವಾಗಿ ಎಬ್ಬಿಸಿದೆ. ಅಡಿಯಲ್ಲಿ ಕಂಪನಿಯ ಬಣ್ಣ ಅರ್ಧಂಬರ್ಧ ಉಳಿದಿತ್ತು, ಅದನ್ನು ಹಾಗೇ ಬಿಟ್ಟೆ. ಅದೇ ಮಾದರಿಯ ಸೈಲೆನ್ಸರ್ ಹುಡುಕಿ ತಂದೆ. ಕಾರ್ಬೊರೇಟರ್ ಒಳಗಿನ ಗಟ್ಟಿಯಾದ ಪೊರೆ ಬದಲಿಸಿದೆ. ಇಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಉಜ್ಜಿ ಸುಮಾರು 0.4 ಮಿ.ಮೀ. ಸಂದು ಇಟ್ಟೆ. ಓಡುವುದರಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ 1960ರ ಆಸುಪಾಸಿನಲ್ಲಿ ಅಂಗಡಿಯಿಂದ ಹೊರಟು, ಒಂದಷ್ಟು ವರ್ಷ ಕಾಡಿನಲ್ಲಿ ದುಡಿದ ಯಂತ್ರ ಹೇಗಿರಬೇಕೋ ಈಗ ಹಾಗಿದೆ.

ಇದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ?

ಜರ್ಮನರಿಗೆ ಇಲ್ಲಿ ಗೊಂದಲವೇ ಇಲ್ಲ. ಕೆಟ್ಟದ್ದನ್ನು ಓಡಿಸುವುದು ‘ರೆಪಾರೀರೆನ್’. ನಾನು ಮಾಡಿದ್ದು ‘ರೆಸ್ಟೌರೀರೆನ್’. ಹಳೇ ಗರಗಸ ಕೂಡಿಡುವವರ ಮುಂದೆ ಒಂದರ ಬದಲು ಇನ್ನೊಂದು ಅಂದರೆ ಅವರ ಮುಖ ಹುಳ್ಳಗಾಗುತ್ತದೆ. ನಾವು ಎರಡಕ್ಕೂ ರಿಪೇರಿ ಅಂದು ಸುಮ್ಮನಾಗುತ್ತೇವೆ.

ಪತ್ರಿಕೆಯ ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ. ನವೀಕರಣ ಇದೆ. ಆದರೆ ಅದರಲ್ಲಿ ‘ನವ’ ಕೂತಿದೆ, ನಾನು ಹೊಸದು ಮಾಡಲಿಲ್ಲವಲ್ಲ. ನವೀಕರಣ ಅಂದರೆ ನನಗೆ ಡ್ರೈವಿಂಗ್ ಲೈಸೆನ್ಸ್ ನೆನಪಾಗುತ್ತದೆ. ಕಾಯಕಲ್ಪ ಇದೆ, ‘ಕೆರೆಗೆ ಕಾಯಕಲ್ಪ’ ಅಂತ ವಾರಕ್ಕೊಂದು ತಲೆಬರಹ ಬರುತ್ತದೆ. ಅದು ಮುದಿ ಮೈಯನ್ನು ಮತ್ತೆ ಎಳೆಯದು ಮಾಡುವ ಚಿಕಿತ್ಸೆಯ ಹೆಸರು. ಇಲ್ಲಿ ಮುಪ್ಪು ಉಳಿಯಬೇಕು. ಪುನಶ್ಚೇತನ ಅನ್ನೋಣ ಅಂದರೆ ಚೇತನ ಹೋಗಿರಲೇ ಇಲ್ಲ, ಹಗ್ಗ ಎಳೆದರೆ ಮೂರನೇ ಸಲಕ್ಕೆ ಶುರುವಾಗುತ್ತಿತ್ತು.

ಹತ್ತಿರ ಬರುವುದು ಜೀರ್ಣೋದ್ಧಾರ. ಹಳತಾಗಿ ಸವೆದದ್ದನ್ನು ಎತ್ತಿ ನಿಲ್ಲಿಸುವುದು. ಅರ್ಥವೇನೋ ಸರಿ. ಆದರೆ ಅದನ್ನು ದೇವಸ್ಥಾನಕ್ಕೆ ಬರೆದುಕೊಟ್ಟಿದ್ದೇವೆ. ಪೆಟ್ರೋಲು ಕುಡಿಯುವ ಯಂತ್ರದ ಜೀರ್ಣೋದ್ಧಾರ ಅಂದರೆ ಕೇಳಿದವರು ಕಾಣಿಕೆ ಹುಂಡಿ ಎಲ್ಲಿ ಅಂತ ಹುಡುಕುತ್ತಾರೆ. ಇನ್ನೊಂದು ಕಿರಿಕಿರಿಯೂ ಇದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲುಕಂಬಕ್ಕೆ ಎನಾಮಲ್ ಬಣ್ಣ ಬಳಿದದ್ದನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ನನ್ನ ಗರಗಸಕ್ಕೆ ಯಾರೋ ಬ್ರಷ್‌ನಲ್ಲಿ ಬಳಿದಿದ್ದರಲ್ಲ, ಅವರ ಲೆಕ್ಕದಲ್ಲಿ ಅದೂ ಜೀರ್ಣೋದ್ಧಾರವೇ ಇದ್ದೀತು.

ಆಮೇಲೆ ‘ಹದ’ ಹೊಳೆಯಿತು. ಬಹಳ ಇಷ್ಟವಾದ ಪದ. ಮಣ್ಣಿಗೆ ಹದ, ಬೆಲ್ಲದ ಪಾಕಕ್ಕೆ ಹದ. ಹೊಸದೂ ಅಲ್ಲ, ಹಳೆಯದೂ ಅಲ್ಲ, ಇರಬೇಕಾದ ಹಾಗೆ ಇರುವುದು. ಇನ್ನೊಮ್ಮೆ ಫೋನ್ ಮಾಡಿ “ಗರಗಸ ಹದ ಮಾಡ್ದೆ ದೊಡ್ಡಪ್ಪ” ಅಂದೆ. “ಎಷ್ಟನೇ ನಂಬರ್ ಅರ ಹಾಕ್ದೆ?” ಅಂತ ಕೇಳಿದರು. ತಪ್ಪು ಅವರದಲ್ಲ. ಕತ್ತಿ ಹದ ಮಾಡು ಅಂದರೆ ನಮ್ಮಲ್ಲಿ ಮಸೆದು ಹರಿತ ಮಾಡು ಅಂತಲೇ ಅರ್ಥ. ಹಲ್ಲಿರುವ ಸಾಮಾನಿಗೆ ಹದ ಅಂದರೆ ಅರ ಹಾಕಿದೆ ಅಂತಲೇ ಆಗುತ್ತದೆ. ಹಳೇ ರೇಡಿಯೋ ಆಗಿದ್ದರೆ ಬಹುಶಃ ನಡೆಯುತ್ತಿತ್ತು, ಗರಗಸಕ್ಕೆ ನಡೆಯುವುದಿಲ್ಲ.

ಈಗ ನನ್ನ ಮನಸ್ಸು ವಾಲಿರುವುದು ದುರಸ್ತಿಯ ಕಡೆಗೆ. ದುರಸ್ತಿಯೂ ರಿಪೇರಿಯೂ ಒಂದೇ ತಾನೇ ಅನ್ನಬೇಡಿ, ಸ್ವಲ್ಪ ಕೇಳಿ. ಪರ್ಷಿಯನ್ ಭಾಷೆಯಲ್ಲಿ ‘ದುರುಸ್ತ್’ ಅಂದರೆ ಸರಿಯಾದ, ನೆಟ್ಟಗಿರುವ. ಮುರಿದದ್ದು ಅನ್ನುವ ಸುಳಿವೇ ಅದರಲ್ಲಿ ಇಲ್ಲ. ಉರ್ದು ಮಾತಾಡುವವರು ಆರೋಗ್ಯಕ್ಕೆ ತಂದುರುಸ್ತಿ ಅನ್ನುತ್ತಾರೆ. ತನ್ ಅಂದರೆ ಮೈ, ಮೈ ದುರುಸ್ತಾಗಿರುವುದು. ನಮ್ಮಲ್ಲೇ ಇನ್ನೂ ಒಳ್ಳೆಯ ಸಾಕ್ಷಿ ಇದೆ. ಜಮೀನು ಇರುವವರಿಗೆಲ್ಲ ಗೊತ್ತಿರುವ ‘ಪೋಡಿ ದುರಸ್ತಿ’. ಅಲ್ಲಿ ಯಾವುದೂ ಮುರಿದಿರುವುದಿಲ್ಲ. ನೆಲದ ಮೇಲಿನ ಗಡಿ ಒಂದು, ಕಾಗದದಲ್ಲಿ ಇರುವುದು ಇನ್ನೊಂದು. ಅಳೆದು, ತಾಳೆ ನೋಡಿ, ದಾಖಲೆಯನ್ನು ಇದ್ದದ್ದಕ್ಕೆ ಸರಿಹೊಂದಿಸುತ್ತಾರೆ. ನಾನು ಗರಗಸಕ್ಕೆ ಮಾಡಿದ್ದೂ ಪೋಡಿ ದುರಸ್ತಿಯೇ. ಹಳೇ ಕೈಪಿಡಿ ಪಕ್ಕಕ್ಕಿಟ್ಟುಕೊಂಡು ಒಂದೊಂದು ಭಾಗವನ್ನೂ ತಾಳೆ ನೋಡಿದೆ, ಸೇರದ್ದನ್ನು ಬಿಡಿಸಿದೆ, ಸೇರಬೇಕಾದ್ದನ್ನು ತಂದೆ. ಹೇಗೂ ಬಾಯಲ್ಲಿ ರಿಪೇರಿ ನಿಂತುಬಿಟ್ಟಿದೆ. ಅದು ಓಡಿಸುವ ಕೆಲಸಕ್ಕೆ ಇರಲಿ, ದುರಸ್ತಿಯನ್ನು ಈ ಕೆಲಸಕ್ಕೆ ಬಿಡಿಸಿಕೊಳ್ಳಬಹುದಲ್ವಾ?

ಮನೆಯವಳ ತಕರಾರು ಇದು: “ದುರಸ್ತಿ ಅಂದ್ರೆ ರಸ್ತೆ ಗುಂಡಿಗೆ ಟಾರು ಸುರಿಯೋದು ನೆನಪಾಗುತ್ತೆ.” ಅದನ್ನೂ ತಳ್ಳಿಹಾಕುವ ಹಾಗಿಲ್ಲ. ನಾನು ‘ಸಂಗ್ರಹ’ ಅನ್ನುವುದಕ್ಕೆ ಅವಳು ‘ಗುಡ್ಡೆ ಹಾಕೋದು’ ಅನ್ನುತ್ತಾಳೆ. ನೆಲಮಾಳಿಗೆಯಲ್ಲಿ ಈಗ ನಾಲ್ಕು ಗರಗಸ ಇವೆ, ಸದ್ಯಕ್ಕೆ ಅವಳ ಪದವೇ ಸರಿ.

ಮುಪ್ಪು ಉಳಿಯಬೇಕು ಅಂದೆನಲ್ಲ, ಅಲ್ಲೂ ಒಂದು ಪದ ಸಿಗುತ್ತಿಲ್ಲ. ವರ್ಷಗಟ್ಟಲೆ ಕೈ ತಾಗಿ, ಎಣ್ಣೆ ಕುಡಿದು, ಬಿಸಿಲು ತಿಂದು ಲೋಹದ ಮೇಲೆ ಒಂದು ಮಾಸಲು ಮೆರುಗು ಕೂರುತ್ತದೆ. ಇಲ್ಲಿನವರು ಅದಕ್ಕೆ ‘ಪಾಟಿನಾ’ ಅಂದು ಜಾಸ್ತಿ ದುಡ್ಡು ಕೊಡುತ್ತಾರೆ. ನಮ್ಮ ಪದಗಳೋ ತುಕ್ಕು, ಕಿಲುಬು, ಜಿಡ್ಡು. ಮೂರೂ ಉಜ್ಜಿ ತೆಗೆಯಬೇಕಾದವೇ! ಹಿತ್ತಾಳೆ ಪಾತ್ರೆ ಅಂದರೆ ಫಳಫಳ ಅನ್ನಬೇಕು ಅನ್ನುವ ಮನೆಗಳಲ್ಲಿ ಬೆಳೆದ ಭಾಷೆ ನೋಡಿ. ಅತ್ತೆ ಬಂದಿದ್ದಾಗ ಗರಗಸ ನೋಡಿ “ಒಂಚೂರು ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಆಗ್ತಿತ್ತಪ್ಪ” ಅಂದರು. ಅದನ್ನು ಮಾತ್ರ ಯಾರೂ ಮಾಡಬೇಡಿ. ಆ ಕಾಲದ ಬಹಳಷ್ಟು ಗರಗಸಗಳ ಮೈ ಮೆಗ್ನೀಸಿಯಂ. ಹುಳಿ ತಾಗಿದರೆ ಲೋಹವೇ ಕರಗುತ್ತದೆ. ವಿನಿಗರ್‌ಗೂ ಅದೇ ಕತೆ. ಸೋಪಿನ ನೀರು, ಮೆತ್ತನೆ ಬ್ರಷ್, ತಾಳ್ಮೆ, ಇಷ್ಟೇ.

ಯಂತ್ರದ ಹೆಸರಿನ ಮಾತಿಗೆ ಬರುತ್ತೇನೆ. ‘ಸರಪಳಿ ಗರಗಸ’ ಅಂತ ಬರೆದರೆ ಯಾರಿಗಾದರೂ ತಿಳಿಯುತ್ತದೆ, ಆದರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ನಮ್ಮ ತೋಟಗಳ ಕಡೆ ‘ಚೈನ್ ಸಾ’, ಇಲ್ಲವೇ ‘ಮರ ಕುಯ್ಯೋ ಮಿಷನ್’. ಎರಡನೆಯದು ನನಗೆ ಪಸಂದಾಗಿದೆ. ಫ್ರೆಂಚರೂ ಹೀಗೆಯೇ ಕೆಲಸ ನೋಡಿ ಹೆಸರಿಟ್ಟಿದ್ದಾರೆ. ಅವರ ‘ತ್ರೋನ್ಸೊನೆಜ್’ ಅಂದರೆ ತುಂಡು ತುಂಡು ಮಾಡುವಂಥದ್ದು. ಜರ್ಮನರು ಮೋಟಾರು ಗರಗಸ ಅಂತಲೂ ಅನ್ನುತ್ತಾರೆ, ಚೈನು ಗರಗಸ ಅಂತಲೂ ಅನ್ನುತ್ತಾರೆ. ಗರಗಸವಂತೂ ಬಹಳ ಹಳೆಯ ಮಾತು, ಸಂಸ್ಕೃತದ ಕ್ರಕಚ ನಮ್ಮ ಬಾಯಲ್ಲಿ ಉರುಳಿ ಆದದ್ದು. ಕ್ರಕಚಕ್ಕಿಂತ ಗರಗಸದಲ್ಲೇ ಸದ್ದು ಚೆನ್ನಾಗಿ ಕೇಳಿಸುತ್ತದೆ.

ಗರಗಸ ಅನ್ನುವ ಪದ ಈ ಯಂತ್ರಕ್ಕೆ ಪೂರ್ತಿ ಒಪ್ಪುತ್ತದಾ ಅನ್ನುವ ಅನುಮಾನವೂ ಇದೆ. ಕೈಗರಗಸ ಮರವನ್ನು ಉಜ್ಜಿ ಪುಡಿ ಉದುರಿಸುತ್ತದೆ. ಮೊದಮೊದಲ ಚೈನುಗಳೂ ಹಾಗೇ ಇದ್ದವು, ಗರಗಸದ ಹಲ್ಲನ್ನೇ ಸರಪಳಿಗೆ ಕೂರಿಸಿದ್ದರು. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೋ ಕಾಕ್ಸ್ ಅನ್ನುವ ಮರ ಕಡಿಯುವವನು ಒಂದು ಬೊಡ್ಡೆಯೊಳಗೆ ದುಂಬಿಯ ಮರಿಹುಳು ಮೇಯುವುದನ್ನು ನೋಡಿದ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಯಿ ಹಾಕುತ್ತ ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಹೋಗುತ್ತಿತ್ತು. ಅದರ ದವಡೆಯ ಬಾಗನ್ನೇ ಉಕ್ಕಿನಲ್ಲಿ ಮಾಡಿ ಎಡಕ್ಕೊಂದು ಬಲಕ್ಕೊಂದು ಜೋಡಿಸಿದ. 1947ರಲ್ಲಿ ಮಾರಾಟಕ್ಕೆ ಇಳಿದ. ಇವತ್ತಿನ ಚೈನುಗಳೆಲ್ಲ ಹೆಚ್ಚುಕಮ್ಮಿ ಅದರ ಮಕ್ಕಳು, ಮೊಮ್ಮಕ್ಕಳು. ಕಾಫಿ ತೋಟದವರಿಗೆ ಈ ಹುಳು ಅಪರಿಚಿತ ಅಲ್ಲ. ನಮ್ಮ ಅರೇಬಿಕಾ ಗಿಡವನ್ನು ಹಾಳುಮಾಡುವ ಬಿಳಿ ಕಾಂಡಕೊರಕವೂ ಅದೇ ಉದ್ದಮೀಸೆ ದುಂಬಿಗಳ ಕುಲದ್ದು. ನಾವು ಕೊಂದುಹಾಕುವ ಹುಳುವಿನ ನೆಂಟನ ಬಾಯಿ ನೋಡಿ ಅಲ್ಲೊಬ್ಬ ಕಂಪನಿ ಕಟ್ಟಿದ.

ಅಂದರೆ ಈ ಚೈನು ಉಜ್ಜುವುದಿಲ್ಲ. ಅದು ಕೊರೆಯುತ್ತದೆ, ಕೆತ್ತುತ್ತದೆ. ಹರಿತ ಇದ್ದರೆ ಚಕ್ಕೆ ಹಾರುತ್ತದೆ, ಮೊಂಡಾದರೆ ಪುಡಿ ಬೀಳುತ್ತದೆ. ಪುಡಿ ಕಂಡ ಕೂಡಲೇ ಯಂತ್ರ ನಿಲ್ಲಿಸಿ ಅರ ತೆಗೆಯಬೇಕು. ಆದರೂ ಕ್ರಿಯಾಪದ ‘ಕುಯ್ಯು’ವೇ ಇರಲಿ ಅನ್ನಿಸುತ್ತದೆ. ಕೊಡಲಿಯಲ್ಲಿ ಕಡಿಯುತ್ತೇವೆ, ಕತ್ತಿಯಲ್ಲಿ ಸವರುತ್ತೇವೆ, ಸೌದೆ ಸೀಳುತ್ತೇವೆ, ಗರಗಸದಲ್ಲಿ ಕುಯ್ಯುತ್ತೇವೆ. ‘ಚೈನ್ ಸಾದಿಂದ ಮರ ಕಡಿದರು’ ಅಂತ ಓದಿದಾಗ ನನಗೆ ಕೊಡಲಿಯೇ ಕಾಣುತ್ತದೆ. ಕುಯ್ಯುವುದಕ್ಕೆ ಇನ್ನೊಂದು ನಂಟೂ ಇದೆ. ಚೈನು ತಿರುಗಿಸಿ ಕೊಯ್ಯುವ ಉಪಕರಣ ಮೊದಲು ಬಂದದ್ದು ಕಾಡಿಗಲ್ಲ, ವೈದ್ಯರ ಕೈಗೆ. ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನ ಬೆರ್ನ್‌ಹಾರ್ಡ್ ಹೈನೆ 1830ರ ಸುಮಾರಿಗೆ ಎಲುಬು ಕತ್ತರಿಸಲು ಕೈಹಿಡಿಯಿಂದ ತಿರುಗುವ ಸಣ್ಣ ಚೈನು ಗರಗಸ ಮಾಡಿದ್ದ. ಆಪರೇಷನ್ ಆಯಿತು ಅನ್ನುವುದಕ್ಕೆ ನಮ್ಮಜ್ಜಿ ‘ಹೊಟ್ಟೆ ಕುಯ್ದರು’ ಅನ್ನುತ್ತಿದ್ದದ್ದು ನೆನಪಾಯಿತು.

ಈ ಎಲ್ಲ ತಲೆನೋವಿಗೆ ಕಾರಣ ಒಂದು ಚೀಟಿ. ಇಲ್ಲಿನ ಕನ್ನಡದವರೆಲ್ಲ ಸೇರುವ ರಾಜ್ಯೋತ್ಸವಕ್ಕೆ ಕಾಂಟ್ರಾವನ್ನು ತಂದು ಮಕ್ಕಳಿಗೆ ತೋರಿಸು ಅಂದಿದ್ದಾರೆ. ಮುಂದೆ ಒಂದು ಚೀಟಿ ಇಡಬೇಕು. ಕಂಪನಿಯ 1929ರ ಪೆಟ್ರೋಲ್ ಗರಗಸ 46 ಕಿಲೋ ತೂಗುತ್ತಿತ್ತು, ಎತ್ತಲು ಇಬ್ಬರು ಬೇಕಿತ್ತು. 30 ವರ್ಷದ ಮೇಲೆ ಬಂದ ಇದು 12 ಕಿಲೋ, 6 ಅಶ್ವಶಕ್ತಿ, ಇಂಜಿನ್ನಿಗೂ ಚೈನಿಗೂ ನಡುವೆ ಗೇರೇ ಇಲ್ಲ, ಒಬ್ಬನೇ ಹಿಡಿಯಬಹುದು. ಇಷ್ಟು ಬರೆದಾಗಿದೆ. ‘ಚೈನ್ ಬ್ರೇಕ್ ಇಲ್ಲದ ಕಾಲದ್ದು, ಒದೆಯುತ್ತದೆ, ಮುಟ್ಟಬೇಡಿ’ ಅಂತಲೂ ಸೇರಿಸಿದ್ದೇನೆ. ಚೈನು ಸುತ್ತುವ ಉದ್ದನೆ ಪಟ್ಟಿಯ, ಅಂದರೆ ಬಾರಿನ, ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಮುಖದತ್ತ ಎಗರುತ್ತದಲ್ಲ, ಅದಕ್ಕೆ ‘ಒದೆ’ ಅನ್ನಲು ಯೋಚಿಸಬೇಕಾಗಿ ಬರಲಿಲ್ಲ. ಕೋವಿ ಒದೆಯುತ್ತೆ ಅನ್ನುವವರ ಊರಿನವನು ನಾನು. ಕೊನೆಯ ಸಾಲು ಮಾತ್ರ ‘ಈ ಯಂತ್ರವನ್ನು 2 ವರ್ಷದ ಹಿಂದೆ ಕೊಂಡು …’ ಅಂತ ನಿಂತಿದೆ.

ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಇಲ್ಲಿಂದ ಸುಮಾರು 40 ಕಿ.ಮೀ. ದೂರದ ಟ್ಯೂಬಿಂಗನ್‌ನಲ್ಲಿ. 1894ರ ನಿಘಂಟನ್ನು ಈ ಯಂತ್ರಕ್ಕಾಗಿ ತಡಕುವುದು ಅನ್ಯಾಯ, ಹಾಗಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ. ದುರಸ್ತಿ ನಡೆಯುತ್ತದಾ? ಗಡಿಯಾರ, ವೀಣೆ, ಹಳೇ ಜೀಪು ಸರಿಮಾಡುವವರು ನಿಮ್ಮೂರಲ್ಲಿ ಬೇರೆ ಏನಾದರೂ ಅನ್ನುತ್ತಾರಾ?

ಜೊತೆಗೆ ಇನ್ನೊಂದು. ಚೈನಿನ ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ಅದು ತೀರ್ಮಾನಿಸುತ್ತದೆ. ಅದನ್ನು ಜಾಸ್ತಿ ತೇದುಬಿಟ್ಟರೆ ಚೈನು ಮರಕ್ಕೆ ಕಚ್ಚಿಕೊಂಡು ಕೈ ಜಗ್ಗುತ್ತದೆ. ನಾನು ಸುಮ್ನೆ ‘ದಿಬ್ಬ’ ಅನ್ನುತ್ತಿದ್ದೇನೆ. ತೋಟದಲ್ಲಿ ದಿನಾ ಚೈನಿಗೆ ಅರ ಹಾಕುವ ಯಾರಾದರೂ ಪರಿಚಯ ಇದ್ದರೆ ಅವರು ಅದಕ್ಕೆ ಏನಂತಾರೆ ಅಂತ ದಯವಿಟ್ಟು ಕೇಳಿ ತಿಳಿಸಿ.