ಅಪ್ಪನ ಆಂಟಿಆಕ್ಸಿಡೆಂಟ್ ಮಾತ್ರೆ: ಮುಂದುವರಿಸಬಹುದೇ?

ಪ್ರಶ್ನೆ: ರಾಜಾಜಿನಗರ ನಿವಾಸಿ

ನಮ್ಮ ತಂದೆಯವರಿಗೆ 67 ವರ್ಷ. ಮೂವತ್ತು ವರ್ಷ ಸಿಗರೇಟು ಸೇದಿ, ಎರಡು ವರ್ಷದ ಹಿಂದೆ ಬಿಟ್ಟರು. ಹೊಗೆಯಿಂದಾದ ಕೆಡುಕನ್ನೆಲ್ಲ ತೊಳೆದುಹಾಕುತ್ತದೆ ಎಂದು ಔಷಧಿ ಅಂಗಡಿಯವರೊಬ್ಬರು ಹೇಳಿದ್ದನ್ನು ನಂಬಿ, ನಾಲ್ಕು ತಿಂಗಳಿಂದ ದಿನಕ್ಕೊಂದು ಆಂಟಿಆಕ್ಸಿಡೆಂಟ್ ಮಾತ್ರೆ ನುಂಗುತ್ತಿದ್ದಾರೆ. ಡಬ್ಬಿಯ ಹಿಂಬದಿಯಲ್ಲಿ, ಕನ್ನಡಕವಿಟ್ಟರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಬೀಟಾ ಕ್ಯಾರೋಟಿನ್ 15 ಮಿ.ಗ್ರಾಂ, ವಿಟಮಿನ್ ಇ 400 ಐಯು (ವಿಟಮಿನ್ ಅಳೆಯುವ ಒಂದು ಅಂತರರಾಷ್ಟ್ರೀಯ ಮಾನ), ಜೊತೆಗೆ ಸೆಲೆನಿಯಂ ಎಂಬ ಖನಿಜ ಎಂದಿದೆ. ಅದೇ ದುಡ್ಡಿಗೆ ಸೊಪ್ಪು, ಸೀಬೆಹಣ್ಣು ತರಬಾರದೇ ಎಂದು ಅಮ್ಮ ಗೊಣಗುತ್ತಾರೆ. ಸೊಪ್ಪಿನಲ್ಲಿ ಚೂರುಪಾರು ಇದ್ದರೇ ಒಳ್ಳೆಯದೆಂದ ಮೇಲೆ, ಮಾತ್ರೆಯಲ್ಲಿ ಧಾರಾಳವಾಗಿ ಸಿಕ್ಕರೆ ಇನ್ನೂ ಒಳ್ಳೆಯದಲ್ಲವೇ ಎಂಬುದು ಅಪ್ಪನ ವಾದ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಜೀವರಸಾಯನ ಅಧ್ಯಾಪಕಿ, ಮಲ್ಲೇಶ್ವರ

ತಮ್ಮ ತಂದೆಯವರ ವಾದ ತೀರಾ ಸಹಜವಾದದ್ದು. ವಿಜ್ಞಾನಿಗಳೂ ಒಂದು ಕಾಲದಲ್ಲಿ ಹಾಗೆಯೇ ಯೋಚಿಸಿದ್ದರು. ಹಣ್ಣು ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಾಣುತ್ತಿದ್ದುದರಿಂದ, ಅದಕ್ಕೆ ಅವುಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ವರ್ಣದ್ರವ್ಯವೇ ಕಾರಣವಿರಬೇಕೆಂದು ಊಹಿಸಿ, ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪರೀಕ್ಷೆ ನಡೆಸಿದರು. 1994ರಲ್ಲಿ ಫಲಿತಾಂಶ ಬಂದಾಗ, ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ ಸೇದುವವರು, ಸೇದಿ ಬಿಟ್ಟವರು ಹಾಗೂ ಕಲ್ನಾರಿನ ಕೆಲಸಗಾರರಿಗೆ 30 ಮಿ.ಗ್ರಾಂ ಬೀಟಾ ಕ್ಯಾರೋಟಿನ್ ಜೊತೆಗೆ ವಿಟಮಿನ್ ಎ ಕೊಟ್ಟು ನೋಡುತ್ತಿದ್ದ ಇನ್ನೊಂದು ಪರೀಕ್ಷೆಯಲ್ಲಿ ಈ ಹೆಚ್ಚಳ ಶೇ. 28ಕ್ಕೆ ಮುಟ್ಟಿದ್ದರಿಂದ, 1996ರಲ್ಲಿ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಸಿಗರೇಟು ಬಿಟ್ಟವರಲ್ಲಿ ಹಾನಿ ಅಷ್ಟು ನಿಚ್ಚಳವಾಗಿ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಅವರಿಗೆ ಖಚಿತವಾದ ಲಾಭವೂ ಆಗಲಿಲ್ಲ.

ವಿಟಮಿನ್ ಇ ಕಥೆಯೂ ಅಷ್ಟೇ. ತಮ್ಮ ಡಬ್ಬಿಯಲ್ಲಿರುವ ಅದೇ 400 ಐಯು ಪ್ರಮಾಣವನ್ನು ಸುಮಾರು 35,000 ಗಂಡಸರ ಪರೀಕ್ಷೆಯಲ್ಲಿ ಕೊಟ್ಟಿದ್ದರು. ವಿಟಮಿನ್ ಇ ಮಾತ್ರ ಪಡೆದ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿದ್ದುದು 2011ರಲ್ಲಿ ಪ್ರಕಟವಾಯಿತು.

ಹೀಗೇಕೆ? ಉಸಿರಾಟದಿಂದ, ಹೊಗೆಯಿಂದ, ಉರಿಯೂತದಿಂದ ಹುಟ್ಟುವ ಅಸ್ಥಿರ ಅಣುಗಳಾದ ಫ್ರೀ ರ್‍ಯಾಡಿಕಲ್‌ಗಳು ಜೀವಕೋಶವನ್ನು ಹಾಳುಮಾಡುವುದು, ಆಂಟಿಆಕ್ಸಿಡೆಂಟ್ ಅವನ್ನು ತಡೆಯುವುದು ನಿಜ. ಆದರೆ ರೋಗಾಣುಗಳನ್ನು ಕೊಲ್ಲಲು ಬಿಳಿ ರಕ್ತಕಣಗಳು ಬಳಸುವ ಆಯುಧವೂ ಅದೇ ಜಾತಿಯದು. ದೇಹಕ್ಕೆ ತನ್ನದೇ ಆದ ಗ್ಲುಟಾಥಯೋನ್, ಕೆಟಲೇಸ್‌ನಂತಹ ಕಾವಲುಗಾರರಿದ್ದಾರೆ; ಅದು ಬಯಸುವುದು ಸಮತೋಲನವನ್ನು, ಸರ್ವನಾಶವನ್ನಲ್ಲ. ಮೇಲಾಗಿ, ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅತಿಯಾದ ಬೀಟಾ ಕ್ಯಾರೋಟಿನ್ ತಾನೇ ಒಡೆದು ಹಾನಿಕರ ಪದಾರ್ಥಗಳಾಗುತ್ತದೆಂಬುದು ಒಂದು ಪ್ರಬಲ ವಿವರಣೆ. ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಡಮಾಡಬೇಡಿ, ಏಕೆಂದರೆ ಹೆಚ್ಚು ವಿಟಮಿನ್ ಇ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಉತ್ತರ: ಬಸವನಗುಡಿಯ ಗೃಹಿಣಿ

ತಮ್ಮ ತಾಯಿಯವರ ಪಕ್ಷ ನನ್ನದು. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿ.ಗ್ರಾಂ ವಿಟಮಿನ್ ಸಿ ಇರುತ್ತದೆ; ದೊಡ್ಡವರಿಗೆ ಒಂದು ದಿನಕ್ಕೆ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಬ್ಲೂಬೆರಿ ಹಣ್ಣಿನ ಪೊಟ್ಟಣಕ್ಕೆ ಸುರಿಯುವ ಹಣದಲ್ಲಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಕೊಳ್ಳಬಹುದು: ಎರಡಕ್ಕೂ ಆ ಕಡುನೀಲಿ ಬಣ್ಣ ಕೊಡುವುದು ಆಂಥೋಸಯಾನಿನ್ ಎಂಬ ಒಂದೇ ಬಗೆಯ ವರ್ಣದ್ರವ್ಯ. ಅದು ಸಿಪ್ಪೆಯಲ್ಲೇ ಇರುವುದರಿಂದ ಸಿಪ್ಪೆ ಉಗಿಯಬಾರದು.

ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆಂಬ ಮಾತು ಅರ್ಧ ಸತ್ಯ. ವಿಟಮಿನ್ ಸಿ ಬಿಸಿಗೆ ನಾಶವಾಗುತ್ತದೆ, ಅದಕ್ಕೇ ಚಿತ್ರಾನ್ನಕ್ಕೆ ಒಲೆಯಾರಿಸಿದ ಮೇಲೆ ನಿಂಬೆಹಣ್ಣು ಹಿಂಡುವುದು ಲೇಸು. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಮಾತ್ರ ಬೆಂದು ಮೆತ್ತಗಾಗಿ, ಒಗ್ಗರಣೆಯ ಎಣ್ಣೆಯ ಜೊತೆ ಸೇರಿದಾಗಲೇ ಚೆನ್ನಾಗಿ ಮೈಗೆ ಹತ್ತುತ್ತದೆ. ಅರಿಶಿನದ ವಿಷಯದಲ್ಲಿ ನಮ್ಮೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಸಂಶೋಧನೆಯೊಂದಿದೆ: ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ ಎರಡು ಗ್ರಾಂ ಒಂಟಿಯಾಗಿ ಕೊಟ್ಟಾಗ ರಕ್ತದಲ್ಲಿ ಹೆಚ್ಚುಕಡಿಮೆ ಪತ್ತೆಯೇ ಆಗಲಿಲ್ಲ, ಕಾಳುಮೆಣಸಿನ ಪೈಪರಿನ್ 20 ಮಿ.ಗ್ರಾಂ ಸೇರಿಸಿದಾಗ ದೇಹ ಅದನ್ನು ಹಲವು ಪಟ್ಟು ಹೆಚ್ಚು ಹೀರಿಕೊಂಡಿತು. ಹಾಗೆಂದು ಸಾರಿಗೆ ಹಾಕುವ ಚಿಟಿಕೆ ಅರಿಶಿನ ಔಷಧಿಯಾಗುವುದಿಲ್ಲ, ಎರಡು ಗ್ರಾಂ ಕರ್ಕ್ಯುಮಿನ್ ಎಂದರೆ ಹಲವು ಚಮಚ ಅರಿಶಿನವಾಯಿತು.

ಉತ್ತರ: ವಿಜಯನಗರದಿಂದ

ಒಂದು ತಕರಾರು. ನಮ್ಮ ಅತ್ತೆಯವರಿಗೆ ವಯಸ್ಸಿನಿಂದ ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಯಿದ್ದು, ಕಣ್ಣಿನ ವೈದ್ಯರೇ ಆಂಟಿಆಕ್ಸಿಡೆಂಟ್ ಮಾತ್ರೆ ಬರೆದುಕೊಟ್ಟಿದ್ದಾರೆ. ಎಲ್ಲ ಮಾತ್ರೆಯೂ ಕೆಟ್ಟದ್ದೆಂದು ಹೇಳಲಾಗದು.

ಮರುಉತ್ತರ: ನಿವೃತ್ತ ಜೀವರಸಾಯನ ಅಧ್ಯಾಪಕಿ

ಒಪ್ಪಿದೆ. ಆ ಕಾಯಿಲೆಯ ಮಧ್ಯಮ ಹಂತದಲ್ಲಿ ಅಂತಹ ಮಾತ್ರೆ ಅದು ಉಲ್ಬಣಿಸುವುದನ್ನು ನಿಧಾನಗೊಳಿಸುತ್ತದೆಂದು ಪರೀಕ್ಷೆಯಲ್ಲೇ ಕಂಡಿದೆ. ಆದರೆ ಗಮನಿಸಿ: ಆ ಸೂತ್ರದಲ್ಲಿದ್ದ ಬೀಟಾ ಕ್ಯಾರೋಟಿನ್ ಬದಲಿಗೆ ಅದೇ ಬಳಗದ ಲ್ಯೂಟಿನ್, ಝಿಯಾಕ್ಸಾಂಥಿನ್ ಹಾಕುವುದು ಸೂಕ್ತವೆಂದು 2013ರಲ್ಲಿ ತೋರಿಸಿದರು, ಸಿಗರೇಟು ಸೇದುವವರಿಗಾಗುವ ಹಾನಿಯ ಚಿಂತೆಯೇ ಅದಕ್ಕೆ ಮುಖ್ಯ ಕಾರಣ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ವೈದ್ಯರು ಡಬ್ಬಿಯನ್ನು ತಿರುಗಿಸಿ ನೋಡಿ, ಮಾತ್ರೆ ನಿಲ್ಲಿಸಲು ಹೇಳಿದರು. ಅಪ್ಪ ಬರುವಾಗ ಗಾಡಿಯವನಿಂದ ಸೀಬೆಹಣ್ಣು ಹೆಚ್ಚಿಸಿಕೊಂಡು, ಮೇಲೆ ಧಾರಾಳವಾಗಿ ಉಪ್ಪು ಖಾರ ಉದುರಿಸಿಕೊಂಡರು. ಅವರಿಗೆ ಬಿ.ಪಿ. ಇದೆ, ಈಗ ಅಮ್ಮನ ಜಗಳ ಆ ಉಪ್ಪಿನ ಮೇಲೆ.